ಹಳೇ ದೊಡ್ಡಿಯ ಜಾಲಿ ಮೆಳೆ

ಯಾವುದಾದರೂ ಜಾಗವನ್ನು ಗಂಡಸರು ‘ಪಾಳು ಬಿದ್ದಿದೆ’ ಎಂದರೆ ನಾನು ಈಗಲೂ ಒಂದು ಸಲ ಖುದ್ದಾಗಿ ಹೋಗಿ ನೋಡಿ ಬರುತ್ತೇನೆ. ಹೀಗೆ ಅನುಮಾನಿಸುವುದು ನನ್ನ ಹುಟ್ಟುಗುಣವಲ್ಲ. ಎಪ್ಪತ್ತರ ದಶಕದಲ್ಲಿ ಬುಕ್ಕಾಂಬುಧಿ ಹತ್ತಿರದ ಒಂದು ಹಳ್ಳಿಯಲ್ಲಿ ಗಂಡ ಹೆಡ್‌ಮಾಸ್ಟರು, ನಾನು ಅಸಿಸ್ಟೆಂಟು ಆಗಿ ಒಂದೇ ಶಾಲೆಯಲ್ಲಿದ್ದಾಗ ಅಂಟಿಕೊಂಡದ್ದು.

ಶಾಲೆಯ ಹಿಂದೆ ಹಳೇ ದೊಡ್ಡಿಯ ಜಾಗವಿತ್ತು. ಬೆಳೆ ಮೇಯ್ದ ದನಗಳನ್ನು ಹಿಂದೆ ಅಲ್ಲಿ ಕೂಡುತ್ತಿದ್ದರಂತೆ. ಈಗ ಗೋಡೆ ಕುಸಿದು, ಆಳೆತ್ತರ ಜಾಲಿ ಬೆಳೆದು ಮೆಳೆಯಾಗಿತ್ತು. ಅದನ್ನು ಕಡಿಸಿ ರಂಗಮಂದಿರ ಕಟ್ಟಬೇಕೆಂದು ಪಂಚಾಯ್ತಿ ಛೇರ್ಮನ್ ಓಂಕಾರಪ್ಪನವರಿಗೆ ಹೊಳೆಯಿತು. ಹೊಳೆಯಿಸಿದವರು ನಮ್ಮ ಯಜಮಾನರೇ. ನಾಟಕದ ಹುಚ್ಚು ಅವರಿಗೆ. ವಾರಗಟ್ಟಲೆ ಡ್ರಾಯಿಂಗ್ ಹಾಳೆಯ ಮೇಲೆ ಬೋರಲು ಬಿದ್ದು ನಕ್ಷೆ ಬರೆದರು. ಸಾರಿಗೆ ಉಪ್ಪಿಲ್ಲದಿದ್ದರೂ ಚೆನ್ನಾಗಿದೆ ಎಂದು ಉಂಡೆದ್ದರು.

ಸಭೆಯ ಹಿಂದಿನ ದಿನ ಪಕ್ಕದ ಮನೆ ಗಂಗಮ್ಮ ಹಿತ್ತಿಲಿಗೆ ಬಂದು, ಸೆರಗು ಬಾಯಿಗೆ ಹಿಡಿದು, “ಟೀಚರಮ್ಮಾ, ಆ ಮೆಳೆ ಕಡಿದ್ರೆ ನಾವು ಚೊಂಬು ಹಿಡ್ಕೊಂಡು ಎಲ್ಲಿಗೋಗಾನ?” ಅಂದಳು. “ನಿಮ್ಮ ಯಜಮಾನ್ರಿಗೆ ಹೇಳೇ” ಅಂದೆ. “ಥೂ, ಇದನ್ನೆಲ್ಲಾ ಹೇಳಾಕಾಯ್ತದಾ?” ಎಂದು ಹೊರಟುಹೋದಳು. ಆಮೇಲೆ ಯೋಚಿಸಿದೆ. ನಾನೂ ಪ್ರತಿದಿನ ಅಲ್ಲಿಗೇ ಹೋಗುತ್ತಿದ್ದೆ. ಮದುವೆಯಾಗಿ ಒಂಬತ್ತು ವರ್ಷವಾಗಿದ್ದರೂ ನಾನೂ ಗಂಡನಿಗೆ ಹೇಳಿರಲಿಲ್ಲ.

ಭಾನುವಾರ ಶಾಲೆಯ ಅಂಗಳದಲ್ಲಿ ಸಭೆ ಸೇರಿತು. ಹೆಂಗಸರು ಗೋಡೆಯ ಮರೆಯಲ್ಲಿ ನಿಂತಿದ್ದರು. ಯಜಮಾನರು ನಕ್ಷೆ ಬಿಡಿಸಿ ತೋರಿಸಿದ್ದಾಯಿತು, ಎಲ್ಲರೂ ತಲೆದೂಗಿದ್ದಾಯಿತು. “ಯಾರದಾದ್ರೂ ತಕರಾರು ಐತಾ?” ಎಂದು ಛೇರ್ಮನ್ನರು ಬಾಯಿಮಾತಿಗೆ ಕೇಳಿದರು. ಶಾಲೆಯವಳೆಂದು ಬೆಂಚಿನ ತುದಿಯಲ್ಲಿ ಕೂತಿದ್ದ ನಾನು ಎದ್ದು ನಿಂತೆ.

“ಆ ಜಾಗ ಪಾಳು ಬಿದ್ದಿಲ್ಲ” ಅಂದೆ.

“ಮತ್ತೆ ಯಾರು ಉಳ್ತಾ ಅವ್ರೆ ಟೀಚರಮ್ಮಾ?” ಎಂದರು ಛೇರ್ಮನ್ನರು. ಸಭೆ ಗೊಳ್ಳೆಂದಿತು.

“ನಿಮ್ಮನೆ ಹೆಂಗಸರು ದಿನಾ ಬಯಲಿಗೆ ಹೋಗೋದು ಅಲ್ಲಿಗೇ. ನಿಮ್ಮ ತಾಯಿ, ನಿಮ್ಮ ಸೊಸೆ, ನಾನು, ಎಲ್ಲರೂ.”

ನಗು ಅರ್ಧಕ್ಕೇ ನಿಂತಿತು. ಯಜಮಾನರು ನಕ್ಷೆಯಲ್ಲಿ ಏನನ್ನೋ ಬಹಳ ಶ್ರದ್ಧೆಯಿಂದ ಹುಡುಕತೊಡಗಿದರು.

“ಇಂಥದ್ದನ್ನೆಲ್ಲಾ ಸಭೇಲಿ ಮಾತಾಡ್ತಾರೇನಮ್ಮಾ?” ಎಂದರು ಛೇರ್ಮನ್ನರು.

“ಕಡಿಯೋ ಮಾತು ಸಭೇಲೇ ತಾನೇ ಆಡಿದ್ದು? ಹೆಂಗಸರಿಗೆ ಬಾಗಿಲಿರೋ ಕಕ್ಕಸು ಕಟ್ಟಿಸಿ. ಆಮೇಲೆ ಬೇಕಾದ್ರೆ ಅರಮನೆ ಕಟ್ಕೊಳ್ಳಿ. ಅಲ್ಲೀವರೆಗೆ ಮೆಳೆ ಮುಟ್ಟೋಕೆ ಬಿಡಲ್ಲ. ಕೊಡಲಿ ತಂದವರು ನನ್ನ ದಾಟ್ಕೊಂಡು ಹೋಗ್ಬೇಕು.”

“ಟೀಚರಮ್ಮಾ, ನೀವು ಸರ್ಕಾರಿ ನೌಕರ್ರು, ನೆನಪಿರ್ಲಿ” ಎಂದು ಹಿಂದಿನಿಂದ ಯಾರೋ ಎಚ್ಚರಿಸಿದರು. “ವರ್ಗ ಮಾಡ್ಸಿ. ಅಲ್ಲೂ ಹೆಂಗಸರಿರ್ತಾರೆ” ಅಂದೆ. ಇಷ್ಟು ಮಾತು ನನ್ನೊಳಗೆ ಎಲ್ಲಿ ಕೂತಿತ್ತೋ ನನಗೇ ಗೊತ್ತಿಲ್ಲ.

ಅಷ್ಟರಲ್ಲಿ ಗೋಡೆಯ ಮರೆಯಿಂದ ಛೇರ್ಮನ್ನರ ತಾಯಿ ಬಸಮ್ಮಜ್ಜಿ ಕೋಲೂರಿಕೊಂಡು ಈಚೆ ಬಂದರು. “ಲೇ ಓಂಕಾರ, ಆ ಮೆಳೆ ಮ್ಯಾಲೆ ಕೊಡ್ಲಿ ಬಿತ್ತೋ, ನಾಳೆಯಿಂದ ನಿನ್ನ ರಂಗಮಂದಿರದಾಗೇ ಕೂರ್ತೀನಿ ಕಣೋ. ನೀನೇ ಪರದೆ ಎಳೆಯೋವಂತೆ!”

ಅಲ್ಲಿಗೆ ಸಭೆ ಮುಗಿಯಿತು. ಓಂಕಾರಪ್ಪನವರು ಕೆಟ್ಟವರಲ್ಲ, ಯಾರೂ ಹೇಳಿರಲಿಲ್ಲ ಅಷ್ಟೆ. ಮೆಳೆಯ ನಡುವೆ ಚಪ್ಪಡಿ ಕಲ್ಲಿನ ಆರು ಕಕ್ಕಸು ಎದ್ದವು. ಸುತ್ತಲಿನ ಜಾಲಿಯನ್ನು ಮರೆಗೆಂದು ಹಾಗೇ ಬಿಟ್ಟರು. ನಾಟಕ ಶಾಲೆಯ ಜಗಲಿಯ ಮೇಲೇ ನಡೆಯಿತು. ಸಭೆಯಾದ ಮೇಲೆ ಯಜಮಾನರು ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದರು. ಮೂರನೆಯ ದಿನ ಅದೇ ಹಾಳೆಯನ್ನು ಮಗುಚಿ, ಹಿಂಬದಿಗೆ ಕಕ್ಕಸಿನ ನಕ್ಷೆ ಬರೆದುಕೊಟ್ಟಿದ್ದರು. ಅಭ್ಯಾಸಬಲ, ಒಂದು ಕಡೆ ‘ಪ್ರವೇಶ’, ಇನ್ನೊಂದು ಕಡೆ ‘ನಿಷ್ಕ್ರಮಣ’ ಎಂದು ಕಾಣಿಸಿದ್ದರು.

ಊರಿನ ಹೆಂಗಸರಿಗೆ ಕಕ್ಕಸೆಂದು ಬಾಯಿಬಿಟ್ಟು ಹೇಳಲು ನಾಚಿಕೆ. ಹಾಗಾಗಿ “ಟೀಚರಮ್ಮನ ತಾವ ಹೋಗ್ಬತ್ತೀನಿ” ಎನ್ನುವುದನ್ನು ರೂಢಿ ಮಾಡಿಕೊಂಡರು. ಆ ವರ್ಷ ತಪಾಸಣೆಗೆ ಬಂದ ಇನ್ಸ್‌ಪೆಕ್ಟರು ದಾರಿಯಲ್ಲಿ ಈ ಮಾತನ್ನು ನಾಲ್ಕಾರು ಕಡೆ ಕೇಳಿಸಿಕೊಂಡರಂತೆ. ಊರಿನ ಸ್ತ್ರೀಯರು ಪ್ರತಿನಿತ್ಯ ಬೆಳಗಾಗೆದ್ದು ಶಿಕ್ಷಕಿಯ ಬಳಿಗೆ ತಪ್ಪದೆ ಹೋಗುತ್ತಾರೆಂದೂ, ವಯಸ್ಕರ ಶಿಕ್ಷಣ ತೃಪ್ತಿಕರವಾಗಿ ಸಾಗಿದೆಯೆಂದೂ ವರದಿಯಲ್ಲಿ ಬರೆದರು. ಊರೆಲ್ಲರ ಎದುರು ನಿಂತು ವಾದಿಸಿದ ಈ ವೀರವನಿತೆ, ಆ ವರದಿಯ ಕೆಳಗೆ ತುಟಿ ಪಿಟಕ್ಕೆನ್ನದೆ ಸಹಿ ಹಾಕಿದಳು.