ಹತ್ತು ತೋಳು

ಬಲ್ಲವರು ಕ್ಷಮಿಸಬೇಕು. ಲಕ್ಷ್ಮಯ್ಯನ ಪಾಡನ್ನು ನಗೆಯಾಗಿ ಹೇಳುವುದು ಸರಿಯೋ ತಪ್ಪೋ ಎಂದು ಮೂರು ದಿನ ಯೋಚಿಸಿದೆ. ತೀರ್ಮಾನವಾಗಲಿಲ್ಲ. ಆದರೂ ಹೇಳುತ್ತಿದ್ದೇನೆ.

ಅರವತ್ತಮೂರನೆಯ ಇಸವಿ. ಲಕ್ಷ್ಮಯ್ಯ ಗೌರಿಬಿದನೂರು ಕಡೆಯ ಹಳ್ಳಿಗಳಿಗೆ ಸೈಕಲ್ಲಿನಲ್ಲಿ ಹೋಗಿ ಸಿಡುಬು ಬರದಂತೆ ತೋಳಿಗೆ ದಾಕು ಚುಚ್ಚುವ ಹಂಗಾಮಿ ನೌಕರ. ಆ ಶನಿವಾರ ಸಂಜೆಯೊಳಗೆ ಹತ್ತು ತೋಳಿಗೆ ದಾಕು ಬೀಳದಿದ್ದರೆ ಸೋಮವಾರದಿಂದ ಬರಬೇಡ ಎಂದು ಇನ್ಸ್‌ಪೆಕ್ಟರು ಹೇಳಿದ್ದರು.

ಮಂಚೇನಹಳ್ಳಿ ದಾಟಿ ಉತ್ತರಕ್ಕೆ ತಿರುಗಿದರೆ ಬರೀ ಬಂಡೆ. ದಾರಿ ಎಂದರೆ ಮೇಕೆಗಳೂ ಯೋಚಿಸಿ ಕಾಲಿಡುವಂಥದು. ಸೈಕಲ್ ಅವನನ್ನು ಹೊತ್ತದ್ದಕ್ಕಿಂತ ಅವನು ಸೈಕಲ್ಲನ್ನು ಹೊತ್ತದ್ದೇ ಹೆಚ್ಚು. ಮೊದಲ ಹಳ್ಳಿಯಲ್ಲಿ ಬೆಲ್ಲು ಕೇಳಿದೊಡನೆ ಜನ ಹುಲ್ಲಿನ ಬಣವೆಗಳ ಹಿಂದೆ ಮಾಯವಾದರು. ಮಂಡಿನೋವಿನ ಮುದುಕ ಮುದ್ದಪ್ಪನೊಬ್ಬ ಮಾತ್ರ ಕಟ್ಟೆಯ ಮೇಲೆ ಉಳಿದ.

“ಮೊದ್ಲು ನೀನ್ ಹಾಕ್ಕೊಳಪ್ಪ, ನೋಡ್ತೀವಿ.”

ಲಕ್ಷ್ಮಯ್ಯ ತನ್ನ ತೋಳಿಗೇ ಚುಚ್ಚಿಕೊಂಡ. ಬಣವೆಗಳ ಹಿಂದಿನಿಂದ ತಲೆಗಳು ಮೂಡಿದವು.

“ಈಗ ಬನ್ನಿ.”

“ಇವತ್ತೇ ಹೆಂಗಪ್ಪ? ನೀನು ಎಂಟು ದಿನ ಬದುಕಿದ್ರೆ ಹಾಕಿಸ್ಕೋತೀವಿ.”

ಎರಡನೆಯ ಹಳ್ಳಿಯಲ್ಲೂ ಅದೇ ಮಾತು. ಮೂರನೆಯದರಲ್ಲಿ, “ಎಡಗೈದು ಹಳೇದು, ಬಲಗೈಗೆ ಹಾಕ್ಕೊಂಡು ತೋರ್ಸು” ಎಂದರು. ಮಧ್ಯಾಹ್ನದ ಹೊತ್ತಿಗೆ ಅವನ ತೋಳುಗಳು ಇಲಿ ತೋಡಿದ ಕಡಲೆಕಾಯಿ ಹೊಲದಂತಾಗಿದ್ದವು. ರಿಜಿಸ್ಟರು ಖಾಲಿ.

ಕೊನೆಯ ಹಳ್ಳಿಗೆ ಇಳಿಜಾರು. ಅರ್ಧದಲ್ಲಿ ಬ್ರೇಕು ಕೈಕೊಟ್ಟಿತು. ಸೈಕಲ್ ಬಂಡೆಯ ಕಡೆ ಹೋಯಿತು, ಲಕ್ಷ್ಮಯ್ಯ ಮಾವಿನ ಮರದ ಕೆಂಜಿಗದ ಗೂಡಿಗೆ ಹೋದ. ಸೈಕಲ್ ತಳ್ಳಿಕೊಂಡು ಊರು ಮುಟ್ಟಿದಾಗ ಮುಖ, ಕತ್ತು, ಕೈ ಎಲ್ಲ ಕೆಂಪು ಗುಳ್ಳೆ.

ಇಲ್ಲಿ ಯಾರೂ ಓಡಲಿಲ್ಲ. ಊರಿಗೆ ಹಿರಿಯಳಾದ ಗಂಗುಲಮ್ಮ ಅವನನ್ನು ಕಂಡದ್ದೇ ಅಡ್ಡಬಿದ್ದಳು.

“ಅಮ್ಮ ಬಂದವ್ಳೆ ಕಣ್ರೇ ಇವನ ಮೈಮೇಲೆ. ಬೇವಿನ ಸೊಪ್ಪು ತನ್ನಿ.”

“ಅಮ್ಮ ಅಲ್ಲಮ್ಮ, ಇರುವೆ.”

“ಯಾವ ರೂಪ್ದಲ್ಲಿ ಬಂದ್ರೂ ತಾಯೇ. ಸುಮ್ಕೆ ಮಲಗಪ್ಪ.”

ಅವನನ್ನು ಬೇವಿನ ಸೊಪ್ಪಿನ ಮೇಲೆ ಮಲಗಿಸಿ, ತಲೆಯ ಹತ್ತಿರ ಮೊಸರನ್ನವಿಟ್ಟರು. ಅವನನ್ನು ಹೊತ್ತು ತಂದ ವಾಹನವೆಂದು ಸೈಕಲ್ಲಿಗೂ ಅರಿಶಿನ ಕುಂಕುಮ ಬಿತ್ತು.

“ನನಗೆ ಹತ್ತು ತೋಳು ಬೇಕಮ್ಮ, ಕೆಲ್ಸ ಹೋಗ್ತದೆ.”

“ಅಮ್ಮ ಊರಲ್ಲಿರೋವಾಗ ಯಾರಾದ್ರೂ ಮೈಗೆ ಸೂಜಿ ಚುಚ್ಚಿಸ್ಕೋತಾರಾ? ಅಮ್ಮ ಇಳಿದ್ಮೇಲೆ ಮೈಗೆ ಮೂರು ನೀರು ಹಾಕೋವರ್ಗೂ ನೀನೂ ಊರು ದಾಟಂಗಿಲ್ಲ.”

ಸಂಜೆ ಇನ್ಸ್‌ಪೆಕ್ಟರು ಹುಡುಕಿಕೊಂಡು ಬಂದರು. ಲಕ್ಷ್ಮಯ್ಯನಿಗೆ ಹೋದ ಜೀವ ಬಂದಂತಾಯಿತು.

“ಸಾರ್, ಇದು ಇರುವೆ ಅಂತ ಇವರಿಗೆ ಹೇಳಿ. ಇವರ ಮುಂದೆ ನೀವೊಂದು ದಾಕು ಹಾಕಿಸ್ಕೊಳ್ಳಿ. ಸಾಹೇಬರೇ ಹಾಕಿಸ್ಕೊಂಡ್ರೆ ಎಲ್ರೂ ಬರ್ತಾರೆ.”

“ಅದು ನ್ಯಾಯ,” ಎಂದಳು ಗಂಗುಲಮ್ಮ. ಜನ ಸುತ್ತುಗಟ್ಟಿದರು. ಒಬ್ಬ ಇನ್ಸ್‌ಪೆಕ್ಟರ ಅಂಗಿಯ ತೋಳನ್ನು ಭಕ್ತಿಯಿಂದ ಮೇಲಕ್ಕೆ ಮಡಚಿದ.

ಇನ್ಸ್‌ಪೆಕ್ಟರು ಸೂಜಿಯನ್ನು ನೋಡಿದರು. ಚಪ್ಪಲಿ ಬಿಟ್ಟು ಲಕ್ಷ್ಮಯ್ಯನಿಗೆ ಕೈಮುಗಿದರು.

“ತಾಯೀ, ತಪ್ಪಾಯ್ತು,” ಎಂದು, ಜನರ ಕಡೆ ತಿರುಗಿ, “ಮೂರು ನೀರಾಗೋವರ್ಗೂ ಇವನನ್ನ ಬಿಡಬೇಡ್ರಪ್ಪ” ಎಂದರು. ಚಪ್ಪಲಿ ಕೈಯಲ್ಲಿ ಹಿಡಿದೇ ತಮ್ಮ ಸೈಕಲ್ ಹತ್ತಿದರು.

ಸೋಮವಾರ ಲಕ್ಷ್ಮಯ್ಯನ ಕೆಲಸ ಹೋಯಿತು. ಇನ್ಸ್‌ಪೆಕ್ಟರು ತಾವು ಯಾವತ್ತಾದರೂ ದಾಕು ಹಾಕಿಸಿಕೊಂಡಿದ್ದರೋ ಇಲ್ಲವೋ, ಇವತ್ತಿಗೂ ನನಗೆ ತಿಳಿಯದು.