ಹಳೇ ದಿವಾನಿನ ಕೊಸರು ಬೆಕ್ಕು

ಕೆಲವರಿಗೆ ಸಕ್ಕರೆ ಕಾಯಿಲೆ ಇರುತ್ತದೆ, ಕೆಲವರಿಗೆ ಬಿ.ಪಿ. ನನಗೆ ಹಳೇ ಸಾಮಾನಿನ ಹುಚ್ಚು ಮತ್ತು ಬೆಕ್ಕಿನ ಚಿಂತೆ. ಇವೆರಡೂ ಒಂದೇ ಮನೆಯಲ್ಲಿ ಸೇರಿದರೆ ಇಂಥ ಪೇಚಾಟಗಳು ಆಗುತ್ತಲೇ ಇರುತ್ತವೆ. ಆಗಬಾರದೆಂದು ನಾನು ಹೂಡುವ ಉಪಾಯಗಳಿಂದಲೇ ಮುಂದಿನವು ಆಗುತ್ತವೆ.

ನಾನು ಸರ್ವೆ ಇಲಾಖೆಯವಳು. ಹೊಲ ಅಳೆದು ಗಡಿ ತೋರಿಸುವುದು ನನ್ನ ಕೆಲಸ. ಒಂದು ಗೇಣು ಆಚೀಚೆ ಆದರೆ ಅಣ್ಣ ತಮ್ಮಂದಿರು ಎಲ್ಲಿ ಬಡಿದಾಡಿಕೊಳ್ಳುತ್ತಾರೋ ಎಂಬ ಭಯದಲ್ಲೇ ಹಗಲು ಕಳೆಯುತ್ತದೆ. ಸಂಜೆ ಮನೆಗೆ ಬಂದಾಗ ಬೆಕ್ಕು ಒಮ್ಮೆ ಸೀನಿದರೆ ಊಟ ಸೇರುವುದಿಲ್ಲ. ನಮ್ಮ ಮನೆಯವರು ಕಲಬುರಗಿಯ ಕಾಲೇಜಿನಲ್ಲಿ ಪಾಠ ಹೇಳುತ್ತಾರೆ. ಅವರಿಗೆ ಯಾವ ಚಿಂತೆಯೂ ಇಲ್ಲ. ಕೇಳಿದರೆ, "ಇಬ್ಬರ ಪಾಲಿಂದೂ ನೀನೇ ಮಾಡಾಕತ್ತೀಯಲ್ಲ" ಎನ್ನುತ್ತಾರೆ.

೧. ಗ್ಯಾರಂಟಿ

ನನ್ನ ಮೊದಲ ಊರು ಆಳಂದ. ಬಾಡಿಗೆ ಮನೆ ಖಾಲಿ ಇತ್ತು. ಹೊಸದನ್ನು ಕೊಳ್ಳುವುದು ನನ್ನ ಜಾಯಮಾನದಲ್ಲೇ ಇಲ್ಲ. ಹಳೇ ಸಾಮಾನು ಮಾರುವ ಒಬ್ಬ ಚಾಚಾ ಅವರ ಅಂಗಡಿಯಲ್ಲಿ ಒಂದು ದಿವಾನ್ ಕಂಡಿತು. ಮೇಲೆ ಮಲಗಬಹುದು, ಹಲಗೆ ಎತ್ತಿದರೆ ಕೆಳಗೆ ಸಾಮಾನಿಡಲು ಪೆಟ್ಟಿಗೆ. ಹಿಂದಿನ ಒಂದು ಹಲಗೆ ಮುರಿದಿತ್ತು. ಆ ಮುರುಕು ಹಲಗೆಯನ್ನೇ ಹಿಡಿದುಕೊಂಡು ಮೂರು ಸಂಜೆ ಚೌಕಾಸಿ ಮಾಡಿದೆ. ಮೂರನೆಯ ಸಂಜೆ ಚಾಚಾ ಸೋತರು.

ನಮ್ಮ ಕಡೆ ರೇಟು ಒಪ್ಪಿದ ಮಾತ್ರಕ್ಕೆ ವ್ಯಾಪಾರ ಮುಗಿಯುವುದಿಲ್ಲ. ಕಾಳಿನವನು ಅಳತೆಯ ಮೇಲೆ ಒಂದು ಹಿಡಿ ಸುರಿಯಬೇಕು, ಕಾಯಿಪಲ್ಲೆಯವಳು ಎರಡು ಮೆಣಸಿನಕಾಯಿ ಹಾಕಬೇಕು. ಅದು ಕೊಸರು. ನನ್ನ ಕಣ್ಣು ಅಂಗಡಿಯ ಮೂಲೆಯಲ್ಲಿದ್ದ ಪ್ಲಾಸ್ಟಿಕ್ ಸ್ಟೂಲಿನ ಮೇಲಿತ್ತು.

"ಕೊಸರು ಏನ್ ಕೊಡ್ತೀರಿ ಚಾಚಾ?"

ಚಾಚಾ ಸ್ಟೂಲಿನ ಕಡೆ ನೋಡಲೂ ಇಲ್ಲ. ದಿವಾನಿನ ಹಲಗೆ ಎತ್ತಿ, ಒಳಗಿನಿಂದ ಅಂಗೈಯಷ್ಟಿದ್ದ ಬೆಕ್ಕಿನ ಮರಿಯನ್ನು ತೆಗೆದು ನನ್ನ ಕೈಯಲ್ಲಿಟ್ಟರು. "ತಗೋರಿ ಮೇಡಂ. ಇದರಾಗೇ ಇರ್ತದ. ತಾಯಿ ಇಲ್ಲ ಪಾಪ."

"ನಾ ಆ ಸ್ಟೂಲ್ ಅಂದ್ಕೊಂಡಿದ್ನಿರಿ."

"ಕೊಸರು ಆರಿಸಿ ತಗೊಳ್ಳೋದಲ್ರಿ. ಒಮ್ಮೆ ತಗೊಂಡ್ರ ವಾಪಸ್ ಕೊಡಬಾರದು, ಕೊಟ್ಟೋರು ವಾಪಸ್ ಕೇಳಬಾರದು. ಬರಕತ್ ಹೋಗ್ತದ, ಮನಿ ಏಳಿಗಿ ಆಗಂಗಿಲ್ಲ."

ಹೀಗೆ ಮನೆಗೆ ಬಂದವಳಿಗೆ ನಮ್ಮವರು ಕೊಸರವ್ವ ಎಂದು ಹೆಸರಿಟ್ಟರು. ದಿವಾನಿನ ಪೆಟ್ಟಿಗೆ ಬಿಟ್ಟು ಅವಳು ಬೇರೆಲ್ಲೂ ಮಲಗಲಿಲ್ಲ. ಮರುದಿನ ಬೆಳಿಗ್ಗೆ ಎರಡು ಸಲ ಸೀನಿದಳು. ಅವಳನ್ನು ಸೆರಗಿನಲ್ಲಿ ಸುತ್ತಿಕೊಂಡು ಚಾಚಾ ಹತ್ತಿರ ಓಡಿದೆ. "ಮೊದಲೇ ಸೀನ್ತಿತ್ತೇನ್ರಿ? ಔಷಧ ಏನರ ಹಾಕಿದ್ರೇನು?"

ಚಾಚಾ ನನ್ನನ್ನು ಬಹಳ ಕನಿಕರದಿಂದ ನೋಡಿದರು. "ಮೇಡಂ, ಹಳೇ ಸಾಮಾನಿಗೆ ಗ್ಯಾರಂಟಿ ಇರೂದಿಲ್ರಿ."

೨. ಸರ್ಕಾರದ ಗುಟ್ಟು

ಅಲ್ಲಿಂದ ಅಫಜಲಪುರಕ್ಕೆ ವರ್ಗವಾಯಿತು. ದಿವಾನ್ ಬಂತು, ಕೊಸರವ್ವ ಬಂದಳು, ಅವರ ಹಿಂದೆ ಹೆಸರೂ ಬಂತು. ಬೆಕ್ಕಿನ ಮೇಡಂ ಎಂದು ಗೊತ್ತಾದ ಮೇಲೆ ಊರಿನವರು ಗಟಾರದಲ್ಲಿ ಸಿಕ್ಕಿದ, ಕಟ್ಟಿಗೆ ಅಡ್ಡೆಯಲ್ಲಿ ಸಿಕ್ಕಿದ ಮರಿಗಳನ್ನೆಲ್ಲ ನಮ್ಮ ಬಾಗಿಲಿಗೇ ತಂದಿಡತೊಡಗಿದರು. ಸಾಕುವುದೇನೋ ಸರಿ, ಬೆಳೆಸಿ ಯಾರ ಕೈಗೆ ಕೊಡುವುದು? ಆ ಭಯಕ್ಕೆ ಹನ್ನೊಂದು ಪ್ರಶ್ನೆ ಬರೆದಿಟ್ಟುಕೊಂಡೆ. ಮನೆಯಲ್ಲಿ ದಿನವಿಡೀ ಯಾರಿರುತ್ತಾರೆ? ಸ್ವಂತ ಮನೆಯೋ ಬಾಡಿಗೆಯೋ? ಬಾವಿಗೆ ಮುಚ್ಚಳ ಇದೆಯೇ? ಹೀಗೆ. ಒಂದು ಉತ್ತರ ತಪ್ಪಿದರೂ ಮರಿ ಇಲ್ಲ.

ಸೊನ್ನ ಕಡೆಯ ಒಬ್ಬ ರೈತರು ಜೋಳದ ಚೀಲಕ್ಕೆ ಇಲಿ ಕಾಟವೆಂದು ಮರಿ ಕೇಳಲು ಬಂದರು. ಎಂಟನೆಯ ಪ್ರಶ್ನೆಯ ಹೊತ್ತಿಗೆ ರುಮಾಲು ತೆಗೆದು ಬೆವರು ಒರೆಸಿಕೊಂಡರು. "ಅಕ್ಕಾರ, ಮಗಳಿಗೆ ವರ ನೋಡೂ ಮುಂದ ನಾನೂ ಇಷ್ಟು ಕೇಳಿಲ್ರಿ."

ಆದರೂ ಹನ್ನೊಂದಕ್ಕೂ ಪಾಸಾದರು. ಮರಿ ಕೊಟ್ಟೆ. ಕೊಟ್ಟ ಮೂರನೆಯ ದಿನಕ್ಕೆ ನನ್ನ ತಲೆ ಕೆಟ್ಟಿತು. ಪಾಪ, ಅದಕ್ಕೆ ಹಾಲು ಸಿಕ್ಕಿತೋ ಇಲ್ಲವೋ, ನಾಯಿ ಗೀಯಿ ಹಿಡಿಯಿತೋ ಏನೋ. ಆ ಕಡೆಯ ಒಂದು ಹೊಲದ ಅಳತೆ ಮುಗಿಸಿ, ಟೇಪು, ನಕಾಶೆ ಹೆಗಲಲ್ಲಿದ್ದಂತೆಯೇ ಅವರ ಹಳ್ಳಿಗೆ ಹೋದೆ. ಮರಿ ಆರಾಮವಾಗಿ ಚೀಲದ ಮೇಲೆ ಮಲಗಿತ್ತು. ನನಗೆ ಹೋದ ಜೀವ ಬಂದಂತಾಯಿತು.

ಹೊರಗೆ ಬಂದು ನೋಡಿದರೆ ಅಂಗಳದಲ್ಲಿ ಅರ್ಧ ಊರು ನೆರೆದಿತ್ತು. ನದಿಗೆ ಬ್ಯಾರೇಜ್ ಕಟ್ಟಿರುವ ಸೀಮೆ. ಅಲ್ಲಿ ಸರ್ವೆಯವರು ಕರೆಯದೆ ಬಂದರೆಂದರೆ ಯಾರದೋ ಹೊಲ ಸರ್ಕಾರಕ್ಕೆ ಹೋಯಿತೆಂದೇ ಅರ್ಥ.

"ಮೇಡಮ್ಮಾರ, ಎಲ್ಲಿಂದ ಎಲ್ಲೀತನಕ ಹೋಗ್ತದ್ರಿ?" ಎಂದು ಒಬ್ಬರು ಕೇಳಿದರು.

"ಏನೂ ಹೋಗಂಗಿಲ್ರಿ. ನಾ ಬೆಕ್ಕು ನೋಡಾಕ ಬಂದೇನಿ."

ಯಾರೂ ನಗಲಿಲ್ಲ. ನಾನು ಆಣೆ ಮಾಡಿದೆ, ಮರಿಯನ್ನು ಎತ್ತಿ ತೋರಿಸಿದೆ. ಕೊನೆಗೆ ಒಬ್ಬ ಹಿರಿಯರು ಎಲ್ಲರನ್ನೂ ಸುಮ್ಮನಾಗಿಸಿದರು. "ಬಿಡ್ರೋ, ಆಕಿಗ್ಯಾಕ ತ್ರಾಸ ಕೊಡ್ತೀರಿ? ಸರ್ಕಾರದ ಗುಟ್ಟು ಇರ್ತಾವ. ನೌಕರಿ ಮಾಡೋರು ಏನರ ಒಂದು ಹೇಳಬೇಕಾಗ್ತದ."

೩. ಬಸ್ಸಿನೊಳಗೆ ಅಡ್ಡ

ಕೊಸರವ್ವ ದೊಡ್ಡವಳಾದಳು. ಊರ ಮರಿಗಳಿಗೇ ಮನೆ ಸಿಗದಿರುವಾಗ ಇವಳದ್ದೂ ಸೇರಬಾರದೆಂದು ಕಲಬುರಗಿಯಲ್ಲಿ ಆಪರೇಶನ್ ಮಾಡಿಸಲು ದಿನ ಗೊತ್ತು ಮಾಡಿದೆ. ಅದಕ್ಕಾಗಿಯೇ ಒಂದು ಹಳೇ ಬೆತ್ತದ ಬುಟ್ಟಿ ಕೊಂಡೆ. ಅದರ ಚಿಲಕ ಸಡಿಲ ಇತ್ತು. ಸಡಿಲ ಇದ್ದುದಕ್ಕೇ ಅಗ್ಗಕ್ಕೆ ಸಿಕ್ಕಿತ್ತು.

ಬಸ್ಸು ಊರು ದಾಟಿತ್ತಷ್ಟೆ. ಚಿಲಕ ತೆರೆಯಿತು. ಕೊಸರವ್ವ ಚಂಗನೆ ಹಾರಿ ಮುಂದಕ್ಕೆ ಓಡಿ, ಡ್ರೈವರ್ ಎದುರಿಗಿನ ಗಾಜಿನ ಕೆಳಗೆ ಎಡಗಡೆಯಿಂದ ಬಲಗಡೆಗೆ ಹೋಗಿ ಕೂತಳು. ಡ್ರೈವರ್ ಬಸ್ಸು ಪಕ್ಕಕ್ಕೆ ಹಾಕಿ ಇಂಜಿನ್ ಬಂದ್ ಮಾಡಿದರು.

"ಬೆಕ್ಕು ಅಡ್ಡ ಹೋತ್ರಿ. ನಾ ಮುಂದ ಒಯ್ಯಂಗಿಲ್ಲ."

"ಬಸ್ಸಿನ ಒಳಗ ಹೋದದ್ದು ಲೆಕ್ಕಕ್ಕಿಲ್ರಿ" ಎಂದರು ಮುಂದಿನ ಸೀಟಿನವರು.

"ಒಳಗ ಆದ್ರೇನು, ಅಡ್ಡ ಹೋದದ್ದು ಹೌದಿಲ್ಲೋ?" ಎಂದರು ಹಿಂದಿನವರು.

ಬೇರೆ ಗಾಡಿ ಮೊದಲು ದಾಟಿದರೆ ದೋಷ ಅವರ ಪಾಲಿಗೆ ಹೋಗುತ್ತದೆಂದು ಕಾದರು. ಎರಡು ಟ್ರ್ಯಾಕ್ಟರ್ ದಾಟಿ ಹೋದವು. ಆದರೆ ಬೆಕ್ಕು ಬಸ್ಸಿನೊಳಗೇ ಇರುವಾಗ ಹೊರಗಿನ ಟ್ರ್ಯಾಕ್ಟರ್ ಯಾವ ದೋಷ ಒಯ್ಯುತ್ತದೆಂದು ಹೊಸ ವಾದ ಶುರುವಾಯಿತು. ನಾನು ಗಡಿಯಾರ ನೋಡುತ್ತ ಬೆವರುತ್ತಿದ್ದೆ. ಕಡೆಗೆ ಕಂಡಕ್ಟರ್ ತೀರ್ಪು ಕೊಟ್ಟರು. "ಮೇಡಂ, ಬೆಕ್ಕು ಎಡದಿಂದ ಬಲಕ್ಕ ಹೋಗೇದ. ನೀವು ಅದನ್ನ ಎತ್ಕೊಂಡು ಬಲದಿಂದ ಎಡಕ್ಕ ಒಯ್ರಿ. ಅಲ್ಲಿಗಲ್ಲಿಗೆ ಹೊಡಕೊಂಡ ಹೋಗ್ತದ."

ಇಡೀ ಬಸ್ಸು ನೋಡುತ್ತಿರಲು ನಾನು ಕೊಸರವ್ವನನ್ನು ಎದೆಗವಚಿಕೊಂಡು ಡ್ರೈವರ್ ಸೀಟಿನ ಬಳಿಯಿಂದ ಎಡಗಡೆಯ ಕಿಟಕಿಯವರೆಗೆ ನಡೆದೆ. ಎಲ್ಲರಿಗೂ ಸಮಾಧಾನವಾಯಿತು. ಬಸ್ಸು ಇನ್ನೇನು ಹೊರಡಬೇಕು, ಹಿಂದಿನ ಸೀಟಿನಿಂದ ಒಬ್ಬ ಅಜ್ಜ ಎದ್ದು ನಿಂತರು.

"ತಡೀರಿ ತಡೀರಿ. ನನಗ ಕಾಣಲಿಲ್ಲ. ಇನ್ನೊಮ್ಮೆ ಮಾಡಸ್ರಿ."

೪. ತವರುಮನೆ

ನಾವು ಹೋಗಿ ಮುಟ್ಟುವಷ್ಟರಲ್ಲಿ ಆಪರೇಶನ್ ಸಮಯ ಮೀರಿತ್ತು. ಮುಂದೆ ಗೊತ್ತು ಮಾಡಿದ ದಿನ ಅವಳು ಸೀನಿದಳು, ನಾನು ಹೆದರಿ ಕರೆದೊಯ್ಯಲಿಲ್ಲ. ಮೂರನೆಯ ಸಲ ಗೊತ್ತು ಮಾಡಿದ ದಿನವೇ ನನಗೆ ಜೇವರ್ಗಿಗೆ ವರ್ಗವಾದ ಆದೇಶ ಬಂತು. ಕೊಸರವ್ವ ಯಾವ ಆದೇಶಕ್ಕೂ ಕಾಯಲಿಲ್ಲ. ಜೇವರ್ಗಿಯ ಮನೆಗೆ ಬಂದು ಸ್ವಲ್ಪ ದಿನಕ್ಕೇ ನಾಲ್ಕು ಮರಿ ಹಾಕಿದಳು.

ಮನೆ ಕೊಡುವಾಗಲೇ ಮಾಲಕರು ಒಂದು ಬೆಕ್ಕಿಗೆ ಮಾತ್ರ ಒಪ್ಪಿದ್ದರು. ಈಗ ಬಂದು ಬೆರಳು ಮಡಚಿ ಐದು ಎಣಿಸಿದರು. "ತಿಂಗಳು ಮುಗಿಯೂದ್ರಾಗ ಬೆಕ್ಕರ ಹೋಗಬೇಕು, ನೀವರ ಹೋಗಬೇಕು ನೋಡ್ರಿ."

ಆ ದಿನಗಳಲ್ಲಿ ನನಗೆ ಅನ್ನ ಇಳಿಯಲಿಲ್ಲ. ಕಣ್ಣು ತೆರೆಯದ ಮರಿಗಳನ್ನು ತಾಯಿಯಿಂದ ಅಗಲಿಸುವಂತಿಲ್ಲ. ಐದನ್ನೂ ಒಟ್ಟಿಗೆ ಒಯ್ಯುವವರು ಯಾರಿದ್ದಾರೆ? ಕೇಳಿಕೊಂಡು ಬಂದವರಲ್ಲಿ ಒಬ್ಬರೂ ನನ್ನ ಹನ್ನೊಂದು ಪ್ರಶ್ನೆ ದಾಟಲಿಲ್ಲ. "ಪ್ರಶ್ನೆ ಸ್ವಲ್ಪ ಕಡಿಮಿ ಮಾಡು" ಎಂದರು ನಮ್ಮವರು. ನಾನು ಹನ್ನೆರಡನೆಯದನ್ನು ಬರೆಯುತ್ತಿದ್ದೆ.

ಮನೆಯೂ ಇಕ್ಕಟ್ಟು. ದಿವಾನ್ ಹಿಡಿಸದೆ ಅದನ್ನು ಮಾರಲು ನಿಂತೆವು. ಅಂದೋಲಾದಿಂದ ಒಬ್ಬರು ಬಂದರು. ಮೊಣಕಾಲು ನೋವಿಗೆ ಅವರ ತಾಯಿಗೆ ನೆಲದ ಮೇಲೆ ಮಲಗಿ ಏಳಲು ಆಗುತ್ತಿರಲಿಲ್ಲವಂತೆ. ಪೆಟ್ಟಿಗೆ ತೆರೆದು ನೋಡಿದರು, ಹಿಂದಿನ ಮುರುಕು ಹಲಗೆ ಹಿಡಿದುಕೊಂಡು ಮೂರು ದಿನ ಚೌಕಾಸಿ ಮಾಡಿದರು. ನನ್ನ ವಿದ್ಯೆಯನ್ನು ನನ್ನ ಮೇಲೇ ತಿರುಗಿಸಿದರು. ನಾಲ್ಕನೆಯ ದಿನ ಟೆಂಪೋ ತಂದರು.

"ಕೊಸರು ಏನ್ ಕೊಡ್ತೀರಿ ಅಕ್ಕಾರ?"

ಅವರ ಕಣ್ಣು ನನ್ನ ಪ್ಲಾಸ್ಟಿಕ್ ಸ್ಟೂಲಿನ ಮೇಲಿತ್ತು. ಆಳಂದ ಬಿಟ್ಟ ಮೇಲೆ ಎಷ್ಟೋ ಸಂತೆ ತಿರುಗಿ ಸಂಪಾದಿಸಿದ ಸ್ಟೂಲ್ ಅದು. "ಕೊಸರು ಗಿಸರು ಏನೂ ಇಲ್ರಿ" ಎಂದು ಅದರ ಮೇಲೆ ಕೂತೇ ಬಿಟ್ಟೆ. ಟೆಂಪೋ ಹೋಯಿತು.

ಅರ್ಧ ತಾಸಿನ ಮೇಲೆ ಅಡಿಗೆಮನೆಗೆ ಹೋದರೆ ಮರಿಗಳಿದ್ದ ರಟ್ಟಿನ ಡಬ್ಬಿ ಖಾಲಿ. ಹೊರಗೆ ಹೋಗಿದ್ದ ಕೊಸರವ್ವ ಮರಳಿ ಬಂದು, ದಿವಾನ್ ಇದ್ದ ಜಾಗವನ್ನು ಮೂಸಿ, ಒಂದೇ ಸಮನೆ ಕೂಗತೊಡಗಿದಳು.

ಆಗ ತಿಳಿಯಿತು. ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆಂದು ನಾವೆಲ್ಲ ಹೇಳುತ್ತೇವಲ್ಲ, ಇವಳು ಅಷ್ಟು ದೂರ ಹೋಗಿರಲಿಲ್ಲ. ಮುರುಕು ಹಲಗೆಯ ಸಂದಿಯಿಂದ ನಾಲ್ಕನ್ನೂ ದಿವಾನಿನೊಳಗೆ ಒಯ್ದಿದ್ದಳು. ಅವಳು ಬೆಳೆದದ್ದೇ ಅದರಲ್ಲಿ. ಬಾಣಂತಿ ತವರಿಗೆ ಹೋಗಿದ್ದಳು, ನಾನು ತವರನ್ನೇ ಮಾರಿದ್ದೆ.

ಅಂದೋಲಾದವರು ಫೋನ್ ಎತ್ತಲಿಲ್ಲ. ನಮ್ಮವರು ಸ್ಕೂಟರ್ ತೆಗೆದರು. ಬುಟ್ಟಿಯ ಚಿಲಕಕ್ಕೆ ಮೂರು ಸುತ್ತು ದಾರ ಬಿಗಿದು, ಕೊಸರವ್ವನನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತೆ. ದಿವಾನನ್ನು ಅಡ್ಡ ಮಲಗಿಸಿ ಒಯ್ದರೋ, ನೆಟ್ಟಗೆ ನಿಲ್ಲಿಸಿದರೋ ನನಗೆ ನೆನಪಾಗಲಿಲ್ಲ. ದಾರಿಯ ಒಂದೊಂದು ತೆಗ್ಗಿಗೂ ಒಂದೊಂದು ಮರಿ ಸತ್ತಂತೆ ಎದೆ ಒಡೆಯಿತು. ನಾನು ಅಂದು ಹೊತ್ತ ಹರಕೆಗಳನ್ನು ತೀರಿಸಲು ಎರಡು ವರ್ಷ ರಜೆ ಹಾಕಬೇಕು.

ಅವರ ಮನೆಯಲ್ಲಿ ಮುದುಕಿ ಒಬ್ಬಳು ದಿವಾನಿನ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದಳು. ಪೆಟ್ಟಿಗೆಯೊಳಗೆ ಮೆತ್ತಗೆ ಹಳೇ ಸೀರೆ ಹಾಸಿತ್ತು. ಮುದುಕಿ ಅರಳೆಯನ್ನು ಆಡಿನ ಹಾಲಿನಲ್ಲಿ ಅದ್ದಿ ಮರಿಗಳ ಬಾಯಿಗೆ ಹಿಡಿಯುತ್ತಿದ್ದಳು. ಎಣಿಸಿದೆ. ನಾಲ್ಕೂ ಇದ್ದವು. ನಾನು ಹೊಸ್ತಿಲಲ್ಲೇ ಕೂತು ಅತ್ತುಬಿಟ್ಟೆ.

"ಯಾರ ಬೇ ನೀ? ಯಾಕ ಅಳಾಕತ್ತೀ?"

"ಅವು ನಮ್ಮ ಮರಿ ಅದಾವ್ರಿ ಅವ್ವಾರ. ತಪ್ಪಿ ಬಂದಾವ."

"ಓಹೋ, ಮಾರಿದಾಕಿ ನೀನೇ ಏನು? ಒಳಗ ಏನದ ಅಂತ ನೋಡ್ಲಾರ್ದ ಮಾರಿದಿ?"

"ಹೌದ್ರಿ."

"ದಿನಾ ಮನ್ಯಾಗ ಯಾರಿರ್ತಾರ?"

"ಯಾರೂ ಇರೂದಿಲ್ರಿ. ಇಬ್ಬರೂ ಕೆಲಸಕ್ಕ ಹೋಗ್ತೇವಿ."

"ಸ್ವಂತ ಮನಿಯೋ?"

"ಬಾಡಿಗಿದ್ರಿ."

"ಮಾಲಕ ಬೆಕ್ಕಿಗೆ ಒಪ್ಪ್ಯಾನೇನು?"

ಎಲ್ಲ ನನ್ನವೇ ಪ್ರಶ್ನೆಗಳು. ಇಂಥ ಉತ್ತರ ಕೊಟ್ಟವರನ್ನು ನಾನು ಬಾಗಿಲಿನಿಂದಲೇ ಕಳಿಸಿದ್ದೇನೆ.

ಮಗನಿಗೆ ಸಂಕೋಚವಾಯಿತು. "ಅವ್ವಾ, ಅವರವು ಅವರಿಗೆ ಕೊಟ್ಟುಬಿಡು."

"ಸುಮ್ನಿರ್ ಲೇ. ದಿವಾನ್ ಜೊತಿ ಬಂದದ್ದು ಕೊಸರು. ಕೊಸರು ಕೊಟ್ಟೋರು ವಾಪಸ್ ಕೇಳ್ತಾರೇನು?"

ಆಳಂದದ ಚಾಚಾ ಎದುರಿಗೆ ಬಂದು ನಿಂತಂತಾಯಿತು. ನಮ್ಮವರು ಸೂರು ನೋಡುತ್ತ ನಗು ತಡೆದುಕೊಂಡಿದ್ದರು. ನಾನು ಬುಟ್ಟಿಯ ದಾರ ಬಿಚ್ಚಿದೆ. ಕೊಸರವ್ವ ಮುರುಕು ಹಲಗೆಯ ಸಂದಿಯಿಂದಲೇ ಒಳಗೆ ಹೋದಳು. ನಾಲ್ಕು ಮರಿಗಳನ್ನೂ ನೆಕ್ಕಿ, ಮಗ್ಗುಲಾಗಿ ಮಲಗಿ ಹಾಲು ಕೊಟ್ಟಳು. ನನ್ನ ಕಡೆ ತಿರುಗಿ ಸಹ ನೋಡಲಿಲ್ಲ. ಹೊಟ್ಟೆ ಉರಿಯಿತು, ಅದರ ಜೊತೆಗೇ ಇಷ್ಟು ದಿನ ಎದೆಯ ಮೇಲಿದ್ದ ಕಲ್ಲು ಇಳಿಯಿತು.

"ತಾಯೀನೂ ಇಲ್ಲೇ ಇರಲ್ರಿ ಅವ್ವಾರ. ಮರಿ ದೊಡ್ಡವಾದ ಮ್ಯಾಲೆ ಆಪರೇಶನ್ ನಾನೇ ಮಾಡಸ್ತೇನಿ" ಎಂದೆ. ಹೊರಡುವಾಗ ತಡೆಯಲಾಗಲಿಲ್ಲ. "ನಿಮ್ಮ ಬಾವಿಗೆ ಮುಚ್ಚಳ..."

"ಏನಂದಿ?"

ನಮ್ಮವರು ನನ್ನ ಕೈ ಹಿಡಿದು ಜಗ್ಗಿದರು. "ಏನಿಲ್ರಿ" ಎಂದೆ.

ಎಂಟು ದಿನದ ಮೇಲೆ ಅಂದೋಲಾದಿಂದ ಫೋನ್ ಬಂತು. ನಂಬರ್ ನೋಡಿ, ಹಲೋ ಅನ್ನುವುದನ್ನೂ ಬಿಟ್ಟು ಕೇಳಿದೆ. "ಏನಾತ್ರಿ? ಮರಿ ಆರಾಮ ಅದಾವಿಲ್ಲೋ? ಯಾವುದರ ಸೀನ್ತೇನು?"

"ಅವು ಆರಾಮ ಅದಾವ್ರಿ ಅಕ್ಕಾರ. ಐದೂ ಕೂಡಿ ದಿವಾನ್ ಹಿಡಕೊಂಡಾವ. ಅವನ್ನ ಎಬ್ಬಸಬ್ಯಾಡ ಅಂತ ಅವ್ವ ಮತ್ತ ನೆಲದ ಮ್ಯಾಲೇ ಮಲಗಾಕತ್ತಾಳ. ನಿಮ್ಮ ಹತ್ರ ಇನ್ನೊಂದು ಹಳೇ ದಿವಾನ್ ಇದ್ರ ಹೇಳ್ರಿ. ರೇಟಿಗೆ ಜಗಳ ಮಾಡಂಗಿಲ್ಲ. ಆದ್ರ ಈ ಸಲ ಕೊಸರು ಬ್ಯಾಡ್ರಿ."