ಸಾವಕಾರರ ಮೋಟಾರು ಮತ್ತು ಸಂಜೆಯ ಊಟ

ಮೋಟಾರು ಕೊಂಡವರ ಬಾಯಲ್ಲಿ ಅದು ಯಾವಾಗಲೂ ಗಾಳಿಯಂತೆ ಓಡುತ್ತದೆ. ರಸ್ತೆಗಿಳಿದರೆ ಮಾತ್ರ ದಿನಕ್ಕೊಂದು ಫಜೀತಿ. ಬ್ರಿಟಿಷರ ಕಾಲದಲ್ಲಿ ನಾನು ಗೋಕಾಕದ ಒಬ್ಬ ಜೈನ ಸಾವಕಾರರ ಬಳಿ ಡ್ರೈವರ್ ಆಗಿದ್ದೆ. ಹೆಸರಿಗಷ್ಟೇ ಡ್ರೈವರ್. ಗಾಡಿ ನಡೆಸುವವರು ಅವರು. ಹ್ಯಾಂಡಲ್ ತಿರುವುವುದು, ನೀರು ಹೊಯ್ಯುವುದು, ನಿಂತಾಗ ನೂಕುವುದು ನನ್ನ ಪಾಲಿಗೆ.

ಕೊಳ್ಳುವ ಮಾತು

ಸಾವಕಾರರು ಹೊತ್ತು ಮುಳುಗಿದ ಮೇಲೆ ಒಂದು ತುತ್ತೂ ಮುಟ್ಟುವವರಲ್ಲ. ಹುಕ್ಕೇರಿಯಲ್ಲಿ ಅವರದೊಂದು ಅಂಗಡಿ. ಎತ್ತಿನ ಚಕ್ಕಡಿಯಲ್ಲಿ ಹೋದರೆ ಅದೇ ದಿನ ತಿರುಗಿ ಬರುವ ಮಾತೇ ಇಲ್ಲ. ಅದಕ್ಕೇ ಮೋಟಾರು ಬೇಕೆಂದರು.

"ಮುಂಜಾನೆ ಹೋಗಿ, ಹೊತ್ತ ಮುಳುಗೂದ್ರೊಳಗ ಬಂದು ನಿನ್ನ ಕೈಯಾಗಿನ ಊಟ ಮಾಡತೇನಿ" ಎಂದು ಹೆಂಡತಿಗೆ ಮಾತು ಕೊಟ್ಟರು.

ಒಂದು ಎತ್ತು ಕೊಳ್ಳಬೇಕಾದರೆ ಇದೇ ಸಾವಕಾರರು ಹಲ್ಲು ಎಣಿಸಿ, ಗೊರಸು ಎತ್ತಿ ನೋಡಿ, ಸಂತೆಯ ತುಂಬ ನಡೆಸಿ, ಆಮೇಲೂ ಬೇಡವೆಂದು ಎದ್ದು ಬರುತ್ತಿದ್ದರು. ಬೆಳಗಾವಿಯ ಮೋಟಾರು ಅಂಗಡಿಯಲ್ಲಿ ಮಾತ್ರ ಹಾರ್ನಿನ ರಬ್ಬರ್ ಚಂಡನ್ನು ಹಿಚುಕುತ್ತ ಕೂತುಬಿಟ್ಟರು. ಪೋಂ ಪೋಂ! ಮುಖ ಅರಳಿತು.

"ಇಂಜಿನ್ ಒಮ್ಮೆ ನೋಡೂಣೇನ್ರಿ ಸಾವಕಾರ್ರ?" ಎಂದೆ.

"ಅದು ಒಳಗಿರೂ ಸಾಮಾನು. ಮಂದಿಗೆಲ್ಲಿ ಕಾಣತೈತಿ?" ಎಂದರು.

ಇಟ್ಟುಕೊಳ್ಳುವ ಮಾತು

ಮೂಡಲಗಿಯಲ್ಲಿ ಸಾವಕಾರರ ಗೆಳೆಯರೊಬ್ಬರಿದ್ದರು. ಅವರೂ ಜೈನರು, ಅವರಿಗೂ ಮೋಟಾರಿನ ಹುಚ್ಚು. ಆದರೆ ಅವರ ಗಾಡಿ ಕೊಟ್ಟಿಗೆ ಬಿಟ್ಟು ಹೊರಗೆ ಬಂದದ್ದನ್ನು ನಾನಂತೂ ನೋಡಿಲ್ಲ. ಅಮವಾಸ್ಯೆಗೊಮ್ಮೆ ಹೊದಿಕೆ ತೆಗೆದು, ಒರೆಸಿ, ಮತ್ತೆ ಹೊದಿಸಿಡುತ್ತಿದ್ದರು. "ಓಡಿಸಿದ್ರ ಸವೀತೈತ್ರಿ" ಎನ್ನುವುದು ಅವರ ಸಿದ್ಧಾಂತ.

ಮೋಟಾರಿನ ವಿಚಾರ ಮಾತಾಡಲು ಅವರು ನಮ್ಮ ಮನೆಗೆ ಬರುತ್ತಿದ್ದರು, ಚಕ್ಕಡಿಯಲ್ಲಿ. ಹೊತ್ತಿರುವಾಗಲೇ ಬಂದು ಮುಟ್ಟುತ್ತಿದ್ದರು. ನಮ್ಮ ಸಾವಕಾರರು ಹುಕ್ಕೇರಿ ದಾರಿಯಲ್ಲಿ ಎಲ್ಲೋ ಗಾಡಿಯ ಕೆಳಗೆ ಮಲಗಿರುತ್ತಿದ್ದರು. ಮಾಡಿಟ್ಟ ಅಡಿಗೆ ಕೆಡಬಾರದೆಂದು ಸಾವಕಾರ್ತಿ ಗಂಡನ ಪಾಲನ್ನು ಅತಿಥಿಗೆ ಬಡಿಸುತ್ತಿದ್ದರು. ಮೂಡಲಗಿಯವರು ತೇಗಿ ಹೇಳುತ್ತಿದ್ದರಂತೆ: "ವೈನಿ, ನಿಮ್ಮನಿಯವ್ರು ಮೋಟಾರ್ ತಗೊಂಡಿದ್ದು ಭಾಳ ಚಲೋ ಆತು ನೋಡ್ರಿ."

ನಡೆಸುವ ಮಾತು

"ಬುತ್ತಿ ಕಟ್ಟಿಸ್ಕೊಂಡು ಹೋಗೂಣ್ರಿ" ಎಂದು ನಾನು ಹೇಳಿ ಹೇಳಿ ಸೋತೆ. ಅವರಿಗೆ ಅದು ದೊಡ್ಡ ಅವಮಾನ.

"ಬುತ್ತಿ ಚಕ್ಕಡಿಯವ್ರಿಗೆ. ಮೋಟಾರ್ ಇದ್ದಾವ ಮನಿಗೆ ಬಂದು ಉಣ್ಣತಾನು!"

ಒಂದು ಸಂಜೆ ಹುಕ್ಕೇರಿಯಿಂದ ಬರುವಾಗ ಕೊಣ್ಣೂರ ಹತ್ತಿರ ಕುರಿಹಿಂಡು ಅಡ್ಡ ಬಂತು. ಸಾವಕಾರರು ಗಾಡಿ ನಿಲ್ಲಿಸಿ ಹಾರ್ನ್ ಹಿಚುಕಿದರು. ಕುರಿಗಳು ಸರಿಯುವ ಬದಲು ಹತ್ತಿರ ಬಂದವು. ಇನ್ನಷ್ಟು ಹಿಚುಕಿದರು. ದೂರದ ಹೊಲದಲ್ಲಿದ್ದವೂ ಓಡಿ ಬಂದು ಗಾಡಿಯನ್ನು ಸುತ್ತುಗಟ್ಟಿದವು.

"ಏ ಕಾಕಾ, ನಿನ್ನ ಕುರಿ ಸರಿಸೋ!" ಎಂದು ಕುರಿ ಕಾಯುವ ಮುದುಕನಿಗೆ ಕೂಗಿದೆ.

"ಹೆಂಗ ಸರಿಸ್ಲೋ? ನಾ ಕೊಂಬು ಊದಿ ಕರಿಯೂದೂ ಹಿಂಗ. ಮದಲ ಆ ಸಾವಕಾರ್ರಿಗೆ ಕರಿಯೂದ ಬಿಡಂತ ಹೇಳು!"

ಕುರಿಗಳು ಸರಿಯುವಷ್ಟರಲ್ಲಿ ಹೊತ್ತು ಗುಡ್ಡಕ್ಕಿಳಿದಿತ್ತು. ಸಾವಕಾರರು ಸೀಟಿನ ಮೇಲೆ ಹತ್ತಿ ನಿಂತು, ತುದಿಗಾಲಲ್ಲಿ ನೋಡಿ, "ಇನ್ನೂ ಚೂರು ಕಾಣತೈತಿ" ಎಂದರು. ಕಂಡೇನು ಪ್ರಯೋಜನ? ನನ್ನ ಬುತ್ತಿಯ ರೊಟ್ಟಿಯ ಜೊತೆ ಉಳ್ಳಾಗಡ್ಡಿ, ಬಳ್ಳೊಳ್ಳಿ ಚಟ್ನಿ. ಜೈನರಾದ ಅವರು ಈರುಳ್ಳಿ, ಬೆಳ್ಳುಳ್ಳಿ ಮುಟ್ಟುವಂತಿಲ್ಲ. ನಾನು ಗಾಡಿ ಹತ್ತುವ ಪಾವಟಿಗೆಯ ಮೇಲೆ ಕೂತು ಹೊಟ್ಟೆ ತುಂಬ ಉಂಡೆ. ಪಾಪ ಅನಿಸಿತು, ಆದರೆ ಚಟ್ನಿ ಚೆನ್ನಾಗಿತ್ತು.

ಕೊನೆಗೂ ಹೊತ್ತಿರುವಾಗ ಬಂದದ್ದು

ಸಾವಕಾರರು ಸೊರಗಿ ಅಂಗಿ ದೊಗಳೆಯಾಯಿತು. ಒಮ್ಮೆ ಹುಕ್ಕೇರಿಗೆ ಹೊರಡುವಾಗ ಹೆಂಡತಿಗೆ ಹೇಳಿದರು: "ಇವತ್ತ ಹೊತ್ತಿರೂದ್ರಾಗ ಬಂದು ಉಣ್ಣಲಿಲ್ಲಂದ್ರ ಈ ಗಾಡಿ ಮಾರಿಬಿಡ್ತೇನಿ. ಆಣಿ ಐತಿ!"

ಬರುವಾಗ ಗಾಡಿ ಕೊಣ್ಣೂರ ದಾಟಿ ಬಂತು. ಗೋಕಾಕ ಇನ್ನೇನು ಬಂತು ಎನ್ನುವಾಗ ಇಂಜಿನ್ ಕೆಮ್ಮಿ ಸತ್ತಿತು. ಹ್ಯಾಂಡಲ್ ತಿರುವಿ ತಿರುವಿ ನನ್ನ ರಟ್ಟೆ ಬಿದ್ದುಹೋಯಿತು. ಬಾಜೂ ಹೊಲದ ರೈತನೊಬ್ಬ ಕರುಣೆಯಿಂದ ಜೋಡಿ ಎತ್ತು ತಂದು ಗಾಡಿಗೆ ಹಗ್ಗ ಬಿಗಿದ. ಸಾವಕಾರರು ಸ್ಟಿಯರಿಂಗ್ ಹಿಡಿದು ಗತ್ತಿನಿಂದ ಕೂತರು. ಎತ್ತು ನಿಧಾನಕ್ಕೆ ಹೆಜ್ಜೆ ಹಾಕಿದವು. ಎದುರಿಗೆ ಯಾರೋ ಪರಿಚಯದವರು ಬಂದರು. ಸಾವಕಾರರ ಕೈ ರೂಢಿಯಂತೆ ಹಾರ್ನಿಗೆ ಹೋಯಿತು.

ಪೋಂ!

ಎತ್ತು ಬೆದರಿ ಓಟ ಕಿತ್ತವು. ರೈತ ಹಾರಿ ಪಾವಟಿಗೆ ಹಿಡಿದುಕೊಂಡ. "ಅದನ್ನ ಬಿಡ್ರಿ ಸಾವಕಾರ್ರ, ಎತ್ತ ಬೆದರತಾವ!" ಎಂದು ಬಾಯಿ ಬಡಿದುಕೊಂಡ.

ಸಾವಕಾರರು ಒಮ್ಮೆ ಗುಡ್ಡದ ಮೇಲಿನ ಸೂರ್ಯನನ್ನು ನೋಡಿದರು, ಒಮ್ಮೆ ಓಡುವ ಎತ್ತುಗಳನ್ನು ನೋಡಿದರು. ಎರಡೂ ಕೈಯಿಂದ ಹಿಚುಕತೊಡಗಿದರು. ಸ್ಟಿಯರಿಂಗ್ ನಾನು ಹಿಡಿದೆ. ಆ ಗಾಡಿ ತನ್ನ ಜನ್ಮದಲ್ಲಿ ಅಷ್ಟು ಜೋರು ಓಡಿರಲಿಲ್ಲ.

ಮನೆ ಮುಂದೆ ನಿಂತಾಗ ಬಿಸಿಲು ಇನ್ನೂ ಮಾಳಿಗೆಯ ಮೇಲಿತ್ತು. ಸಾವಕಾರರು ಕಾಲು ತೊಳೆದು, ಮಣೆ ಹಾಕಿಕೊಂಡು ಕೂತು ಗರ್ಜಿಸಿದರು: "ಹೊತ್ತೈತಿ! ನೀಡ ಊಟಾ!"

ಒಳಗಿನಿಂದ ಮೂಡಲಗಿಯವರ ತೇಗು ಕೇಳಿಸಿತು. ಸಾವಕಾರ್ತಿ ಖಾಲಿ ಬೋಗುಣಿ ಹಿಡಿದು ಹೊರಗೆ ಬಂದವರು, ಎತ್ತುಗಳನ್ನೂ ಹಿಂದಿದ್ದ ಮೋಟಾರನ್ನೂ ನೋಡಿ ಹಣೆ ಬಡಿದುಕೊಂಡರು.

"ಮೋಟಾರದಾಗ ಬರ್ತೀರಂತ ಎಲ್ಲಾ ಅವ್ರಿಗೆ ನೀಡಿಬಿಟ್ನಿರಿ. ಎತ್ತ ಕಟ್ಟಿಸ್ಕೊಂಡು ಬರ್ತೀನಂತ ಮದಲ ಹೇಳಿದ್ರ ನಿಮ್ಮ ಪಾಲು ತಗದ ಇಡ್ತಿದ್ದೆ!"